ಹೈಡ್ರೋಜನ್ ಗುಡ್ಡದ ಬುಡದಲ್ಲಿ ಗೆರೆ ಎಲ್ಲಿ ಎಳೆಯಬೇಕು?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಊರು ಬೇರೆ, ಕ್ಯಾಟಲಿಸ್ಟ್ ಬೇರೆ, ಪ್ಲಾಟಿನಂ ಮೇಲ್ಮೈ ಲೆಕ್ಕ ಹಾಕುವುದರಲ್ಲಿ ಆಗುವ ತಪ್ಪು ಮಾತ್ರ ಅದೇ. ಫ್ಯೂಯಲ್ ಸೆಲ್ ಕ್ಯಾಟಲಿಸ್ಟ್‌ನ ಸೈಕ್ಲಿಕ್ ವೋಲ್ಟಮೆಟ್ರಿ (ವೋಲ್ಟೇಜ್ ಏರಿಸಿ ಇಳಿಸುತ್ತಾ ಕರೆಂಟ್ ಎಷ್ಟು ಅಂತ ಬರೆಯುವ ಗ್ರಾಫ್), ಲ್ಯಾಬ್ ಭಾಷೆಯಲ್ಲಿ ಸಿವಿ, ತೆಗೆಯುವುದು ಹತ್ತು ನಿಮಿಷದ ಕೆಲಸ. ಓದುವುದು ಅಷ್ಟು ಸುಲಭ ಅಲ್ಲ. ಮೂರು ವೈರ್ ಎಲ್ಲೆಲ್ಲಿ ಸಿಕ್ಕಿಸಬೇಕು, ಎಲೆಕ್ಟ್ರೋಡ್ ಹೇಗೆ ಪಾಲಿಶ್ ಮಾಡಬೇಕು ಅಂತೆಲ್ಲ ಕೇಳಿದವರಿಗೆ ಇಲ್ಲಿ ಉತ್ತರ ಇಲ್ಲ. ಪಕ್ಕದ ಬೆಂಚಿನ ಸೀನಿಯರ್‌ಗೆ ಒಂದು ಕಾಫಿ ಕೊಡಿಸಿ, ಕಲಿಸಿಕೊಡುತ್ತಾರೆ.

ಮೇಡಂ, ಕೆಟ್ಜೆನ್ ಬ್ಲ್ಯಾಕ್ ಕಾರ್ಬನ್ ಮೇಲೆ ಶೇ. 20 ಪ್ಲಾಟಿನಂ ಕೂರಿಸಿದ್ದೇನೆ. 0.1 ಮೋಲಾರ್ ಪರ್‌ಕ್ಲೋರಿಕ್ ಆಸಿಡ್, ಸ್ಕ್ಯಾನ್ ರೇಟ್ ಸೆಕೆಂಡಿಗೆ 50 ಮಿಲಿವೋಲ್ಟ್. 5 ಮಿ.ಮೀ. ಗ್ಲಾಸಿ ಕಾರ್ಬನ್ ಮೇಲೆ ಚದರ ಸೆಂ.ಮೀ.ಗೆ 20 ಮೈಕ್ರೊಗ್ರಾಂ ಪ್ಲಾಟಿನಂ ಲೋಡಿಂಗ್. ಸಾಫ್ಟ್‌ವೇರ್ ಕೊಟ್ಟ ಏರಿಯಾ 52 ಮೈಕ್ರೊಆಂಪ್-ವೋಲ್ಟ್. ಲೆಕ್ಕ ಹಾಕಿದರೆ ಇಸಿಎಸ್‌ಎ (ಕೆಲಸಕ್ಕೆ ಸಿಗುವ ಪ್ಲಾಟಿನಂ ಮೇಲ್ಮೈ) ಗ್ರಾಂಗೆ 126 ಚದರ ಮೀಟರ್ ಬಂತು. ಟಿಇಎಂನಲ್ಲಿ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಕಣದ ಗಾತ್ರ 3.5 ನ್ಯಾನೊಮೀಟರ್. ಗೈಡ್ ತುಂಬಾ ಖುಷಿಯಾಗಿ ಪೇಪರ್ ಬರಿ ಅನ್ನುತ್ತಿದ್ದಾರೆ. ನನಗೆ ಯಾಕೋ ಅನುಮಾನ. (ಧಾರವಾಡ)

ನಿಮ್ಮ ಅನುಮಾನ ಸರಿ. ನಿಮ್ಮ ಗೈಡ್ ಖುಷಿ ತಪ್ಪು.

ಮೊದಲು ಸಿವಿಯನ್ನು ಪಕ್ಕಕ್ಕಿಟ್ಟು ಒಂದು ಕಾಗದ ತಗೊಳ್ಳಿ. ಪ್ಲಾಟಿನಂ ಕಣ ದುಂಡಗಿದೆ ಅಂದುಕೊಳ್ಳಿ. ಪ್ಲಾಟಿನಂ ಸಾಂದ್ರತೆ ಘನ ಸೆಂ.ಮೀ.ಗೆ 21.45 ಗ್ರಾಂ. ಗೋಲದ ಮೇಲ್ಮೈಯನ್ನು ಅದರ ತೂಕದಿಂದ ಭಾಗಿಸಿದರೆ, ಗಾತ್ರ ನ್ಯಾನೊಮೀಟರ್‌ನಲ್ಲಿದ್ದಾಗ, ಗ್ರಾಂಗೆ ಎಷ್ಟು ಚದರ ಮೀಟರ್ ಅನ್ನುವುದು ಸುಮಾರು 280 ಭಾಗಿಸು ಗಾತ್ರ. 2 ನ್ಯಾನೊಮೀಟರ್ ಕಣಕ್ಕೆ 140. 4ಕ್ಕೆ 70. ನಿಮ್ಮ 3.5ಕ್ಕೆ 80. ಇದು ಕಣದ ಪೂರ್ತಿ ಮೈ. ಕಣ ಕಾರ್ಬನ್ ಮೇಲೆ ಕೂತಿರುತ್ತದೆ, ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಕೆಲವು ರಂಧ್ರದೊಳಗೆ ಹೂತಿರುತ್ತವೆ. ಹಾಗಾಗಿ ಸಿವಿಯಲ್ಲಿ 80ಕ್ಕಿಂತ ಸ್ವಲ್ಪ ಕಡಿಮೆಯೇ ಬರಬೇಕು. 126 ಬಂದಿದೆ ಅಂದರೆ ಕಣಕ್ಕೆ ತನ್ನ ಮೈಗಿಂತ ದೊಡ್ಡ ಚರ್ಮ ಇದೆ ಅಂದ ಹಾಗಾಯಿತು. ಈ ಎರಡು ಸಾಲಿನ ಲೆಕ್ಕ ಮಾಡದೆ ಪೇಪರ್ ಕಳಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ, ಅದಕ್ಕಿಂತ ಜಾಸ್ತಿ ಉರಿಯುವುದು ಅದನ್ನು ಹಾಗೇ ಪಾಸ್ ಮಾಡುವ ರೆಫರಿಗಳನ್ನು ಕಂಡರೆ.

ಈಗ ನಿಮ್ಮ 52ಕ್ಕೆ ಬರೋಣ. ನೀವು ಕಳಿಸಿದ ಚಿತ್ರ ನೋಡಿದೆ. 0.05ರಿಂದ 0.40 ವೋಲ್ಟ್‌ವರೆಗೆ ಹೈಡ್ರೋಜನ್ ಗುಡ್ಡ (ಪ್ಲಾಟಿನಂ ಮೇಲೆ ಹೈಡ್ರೋಜನ್ ಕೂತು ಏಳುವಾಗಿನ ಕರೆಂಟ್) ಚೆನ್ನಾಗಿ ಎದ್ದಿದೆ, ಎರಡು ಕೋಡು ಕಾಣಿಸುತ್ತದೆ. ಆದರೆ ಸಾಫ್ಟ್‌ವೇರ್ ಬಣ್ಣ ತುಂಬಿರುವುದು ಎಲ್ಲಿಂದ? ಸೊನ್ನೆ ಗೆರೆಯಿಂದ! ಗುಡ್ಡದ ಬುಡದಿಂದ ಅಲ್ಲ.

ಅಲ್ರೀ, ಅಂಗಡಿಯಲ್ಲಿ ತುಪ್ಪ ತೂಗಿಸುವಾಗ ಪಾತ್ರೆ ತೂಕ ಕಳೆಯುತ್ತೀರಿ ತಾನೇ? ಇಲ್ಲಿ ಪಾತ್ರೆ ಅಂದರೆ ಕಾರ್ಬನ್. ನಿಮ್ಮ ಕ್ಯಾಟಲಿಸ್ಟ್‌ನಲ್ಲಿ ಒಂದು ಪಾಲು ಪ್ಲಾಟಿನಂಗೆ ನಾಲ್ಕು ಪಾಲು ಕಾರ್ಬನ್ ಇದೆ. ಅದೂ ಕೆಟ್ಜೆನ್ ಬ್ಲ್ಯಾಕ್, ಗ್ರಾಂಗೆ ಸುಮಾರು 800 ಚದರ ಮೀಟರ್ ಮೇಲ್ಮೈ. ವಲ್ಕನ್ ಅನ್ನುವ ಕಾರ್ಬನ್ ಆಗಿದ್ದರೆ ಸುಮಾರು 250. ಇಷ್ಟು ದೊಡ್ಡ ಮೇಲ್ಮೈ ಆಸಿಡ್‌ನಲ್ಲಿ ಮುಳುಗಿ ಕೂತಾಗ ಅದೇ ಒಂದು ಕೆಪಾಸಿಟರ್ ಆಗುತ್ತದೆ. ನೀವು ವೋಲ್ಟೇಜ್ ಏರಿಸಿದಂತೆಲ್ಲ ಅದು ಚಾರ್ಜ್ ಆಗುತ್ತಾ ಕರೆಂಟ್ ಎಳೆಯುತ್ತದೆ. ಇದನ್ನೇ ಡಬಲ್ ಲೇಯರ್ ಕರೆಂಟ್ ಅನ್ನುವುದು. ಇದಕ್ಕೂ ಪ್ಲಾಟಿನಂ ಮೇಲೆ ಕೂರುವ ಹೈಡ್ರೋಜನ್‌ಗೂ ಸಂಬಂಧವೇ ಇಲ್ಲ.

ನಿಮ್ಮ ಚಿತ್ರದಲ್ಲಿ 0.45 ವೋಲ್ಟ್ ಹತ್ತಿರ ಗೆರೆ ಚಪ್ಪಟೆಯಾಗಿದೆ. ಅಲ್ಲಿ ಕರೆಂಟ್ 62 ಮೈಕ್ರೊಆಂಪ್. ಆ ಎತ್ತರದಲ್ಲಿ ಎಡಕ್ಕೆ 0.05 ವೋಲ್ಟ್‌ವರೆಗೆ ಒಂದು ಗೆರೆ ಎಳೆಯಿರಿ. ಗುಡ್ಡದ ಅಗಲ 0.05ರಿಂದ 0.40, ಹಾಗಾಗಿ ಗೆರೆಯ ಕೆಳಗಿನ ಆಯತ 62 ಗುಣಿಸು 0.35, ಅಂದರೆ 21.7. ಅದನ್ನು 52ರಿಂದ ಕಳೆದರೆ ಉಳಿಯುವುದು 30.3 ಮೈಕ್ರೊಆಂಪ್-ವೋಲ್ಟ್. ಸ್ಕ್ಯಾನ್ ರೇಟ್ 0.05ರಿಂದ ಭಾಗಿಸಿ: 606 ಮೈಕ್ರೊಕೂಲಾಂ. (50ರಿಂದ ಭಾಗಿಸಬೇಡಿ. ಹಾಗೆ ಮಾಡಿ ಸಾವಿರ ಪಟ್ಟು ಕಡಿಮೆ ಬಂತು ಅಂತ ಅಳುತ್ತಾ ಬಂದವರು ಇದ್ದಾರೆ.) ಚದರ ಸೆಂ.ಮೀ. ಪ್ಲಾಟಿನಂಗೆ 210 ಮೈಕ್ರೊಕೂಲಾಂ ಅನ್ನುವ ರೂಢಿಯ ಲೆಕ್ಕದಲ್ಲಿ 210ರಿಂದ ಭಾಗಿಸಿದರೆ 2.89 ಚದರ ಸೆಂ.ಮೀ. ನಿಮ್ಮ ಎಲೆಕ್ಟ್ರೋಡ್ ಮೇಲಿರುವ ಪ್ಲಾಟಿನಂ 20 ಗುಣಿಸು 0.196, ಅಂದರೆ 3.92 ಮೈಕ್ರೊಗ್ರಾಂ. ಕೊನೆಗೆ ಗ್ರಾಂಗೆ ಸುಮಾರು 74 ಚದರ ಮೀಟರ್. 80ಕ್ಕಿಂತ ಸ್ವಲ್ಪ ಕಡಿಮೆ. ನೋಡಿದಿರಾ? ನಿಮ್ಮ ಕ್ಯಾಟಲಿಸ್ಟ್ ಚೆನ್ನಾಗಿಯೇ ಇದೆ. ಸುಮ್ನೆ 52 ಚದರ ಮೀಟರ್ ಕಾರ್ಬನ್ನನ್ನು ಪ್ಲಾಟಿನಂ ಲೆಕ್ಕಕ್ಕೆ ಬರೆದುಕೊಂಡಿದ್ದಿರಿ.

ನಮ್ಮ ಕಾಲದಲ್ಲಿ ಈ ತಪ್ಪು ಕಡಿಮೆ ಆಗುತ್ತಿತ್ತು. ನಾವು ಬುದ್ಧಿವಂತರು ಅಂತಲ್ಲ. ಆಗ ಎಕ್ಸ್-ವೈ ರೆಕಾರ್ಡರ್ ಇತ್ತು, ಪೆನ್ನು ಗ್ರಾಫ್ ಹಾಳೆಯ ಮೇಲೆ ಕರಕರ ಅಂತ ಗೀಚುತ್ತಿತ್ತು. ಆ ಗುಡ್ಡವನ್ನು ಕತ್ತರಿಯಿಂದ ಕತ್ತರಿಸಿ, ಕಾಗದದ ಚೂರನ್ನು ತಕ್ಕಡಿಯಲ್ಲಿ ತೂಗಿ ಏರಿಯಾ ಕಂಡುಹಿಡಿಯುತ್ತಿದ್ದೆವು. ಕೈಯಲ್ಲಿ ಕತ್ತರಿ ಇದ್ದಾಗ ಬುಡದಲ್ಲಿ ಎಲ್ಲಿ ಕತ್ತರಿಸಬೇಕು ಅಂತ ಒಂದು ನಿಮಿಷ ನಿಲ್ಲಲೇಬೇಕಾಗುತ್ತಿತ್ತು. ಈಗ ಒಂದು ಬಟನ್. ಬಟನ್ ಯಾವತ್ತೂ ನಿಲ್ಲುವುದಿಲ್ಲ.

ಗೆರೆ ಎಳೆಯುವುದರಲ್ಲೂ ಮೋಸ ಹೋಗಬಹುದು. ಕೆಲವರು ಅದನ್ನು 0.6 ವೋಲ್ಟ್‌ನಿಂದ ಎಳೆಯುತ್ತಾರೆ. ಕಾರ್ಬನ್ ಸ್ವಲ್ಪ ಆಕ್ಸಿಡೈಸ್ ಆಗಿದ್ದರೆ ಅಲ್ಲಿ ಕ್ವಿನೋನ್ ಗುಂಪುಗಳದ್ದೊಂದು ಸಣ್ಣ ಉಬ್ಬು ಇರುತ್ತದೆ. ಉಬ್ಬಿನ ತಲೆಯಿಂದ ಗೆರೆ ಎಳೆದರೆ ಬುಡ ಮೇಲೇರಿ ಇಸಿಎಸ್‌ಎ ಇಳಿಯುತ್ತದೆ. ಸಾವಿರಾರು ಸೈಕಲ್ ಓಡಿಸುವ ಡ್ಯುರಬಿಲಿಟಿ ಟೆಸ್ಟ್‌ನಲ್ಲಿ ಈ ಉಬ್ಬು ಬೆಳೆಯುತ್ತಾ ಹೋಗುತ್ತದೆ, ಆಗ ಪ್ಲಾಟಿನಂ ಹಾಳಾಯಿತೋ ಗೆರೆ ಮೇಲೆ ಹೋಯಿತೋ ಅಂತ ಗೊತ್ತೇ ಆಗದೆ ಎಲ್ಲವನ್ನೂ ಪ್ಲಾಟಿನಂ ತಲೆಗೆ ಕಟ್ಟುತ್ತಾರೆ. 0.4ರಿಂದ 0.5ರ ನಡುವೆ ಅತಿ ತಗ್ಗಿನ ಜಾಗ ಯಾವುದೋ ಅದನ್ನು ಹಿಡಿಯಿರಿ. ಮೊದಲ ಸೈಕಲ್‌ಗೂ ಕೊನೆಯ ಸೈಕಲ್‌ಗೂ ಒಂದೇ ನಿಯಮ ಇರಲಿ.

ಎಡತುದಿಯಲ್ಲಿ ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಇದೆ. 0.05ಕ್ಕಿಂತ ಕೆಳಗೆ ಹೋದರೆ ಹೈಡ್ರೋಜನ್ ಗ್ಯಾಸ್ ಹುಟ್ಟಲು ಶುರು, ಗೆರೆ ಬಾವಿಗೆ ಬಿದ್ದ ಹಾಗೆ ಕೆಳಗಿಳಿಯುತ್ತದೆ. ಅದನ್ನೂ ಸೇರಿಸಿ ಏರಿಯಾ ತೆಗೆಯುವವರಿದ್ದಾರೆ. ಹೋಗುವಾಗಿನ ಗುಡ್ಡ, ಬರುವಾಗಿನ ಗುಡ್ಡ ಎರಡನ್ನೂ ಲೆಕ್ಕ ಹಾಕಿ. ಎರಡರ ನಡುವೆ ಶೇ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ನಾನು ಆ ಡೇಟಾ ಮುಟ್ಟುವುದಿಲ್ಲ. ಇದು ನನ್ನ ಹಟ, ಪುಸ್ತಕದ ನಿಯಮ ಅಲ್ಲ.

ಇನ್ನು ಆ 210. ಅದನ್ನು ದೇವರ ವಾಕ್ಯ ಅಂದುಕೊಂಡಿದ್ದೀರಿ. ಪ್ಲಾಟಿನಂ ಮೇಲ್ಮೈಯಲ್ಲಿ ಚದರ ಸೆಂ.ಮೀ.ಗೆ ಸುಮಾರು 1.3 ಗುಣಿಸು ಹತ್ತರ ಹದಿನೈದನೇ ಘಾತದಷ್ಟು ಪರಮಾಣು ಇವೆ, ಒಂದೊಂದರ ಮೇಲೂ ಒಂದೊಂದು ಹೈಡ್ರೋಜನ್ ಕೂರುತ್ತದೆ ಅಂದುಕೊಂಡು ಹಾಕಿದ ಲೆಕ್ಕ ಅದು. ಪರಮಾಣುಗಳ ಜೋಡಣೆ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. 0.05 ವೋಲ್ಟ್‌ನಲ್ಲಿ ನಿಲ್ಲಿಸಿದರೆ ಎಲ್ಲ ಜಾಗವೂ ತುಂಬಿರುವುದಿಲ್ಲ. ಹಾಗಾಗಿ 73.6 ಅಂತ ದಶಮಾಂಶ ಹಾಕಿ ಬರೆಯಬೇಡಿ. ಮೂರು ಬೇರೆ ಬೇರೆ ಎಲೆಕ್ಟ್ರೋಡ್ ಮಾಡಿ, ಸರಾಸರಿ, ಎಷ್ಟು ಆಚೀಚೆ ಅಂತ ಬರೆಯಿರಿ. ಒಂದೇ ಎಲೆಕ್ಟ್ರೋಡ್‌ನಲ್ಲಿ ಮೂರು ಸಲ ಅಲ್ಲ. ಕ್ಯಾಟಲಿಸ್ಟ್ ಕಲಸಿದ ಇಂಕ್ ತೊಟ್ಟಿಕ್ಕಿಸುವಾಗ ಪಿಪೆಟ್ ತುದಿಯಲ್ಲಿ ಉಳಿಯುವ ಹನಿಯೇ ನಿಮ್ಮ ಲೋಡಿಂಗ್ ಬದಲಾಯಿಸಿಬಿಡುತ್ತದೆ.

ಸಿವಿ ತೆಗೆಯುವ ಯಂತ್ರ, ಪೊಟೆನ್ಷಿಯೊಸ್ಟಾಟ್, ಅದರ ಮ್ಯಾನುಯಲ್ ಕೂಡ ಒಮ್ಮೆ ತೆರೆದು ನೋಡಿ. ಈಗಿನ ಬಹುತೇಕ ಯಂತ್ರಗಳು ವೋಲ್ಟೇಜನ್ನು ಇಳಿಜಾರಿನಂತೆ ಏರಿಸುವುದಿಲ್ಲ, ಮೆಟ್ಟಿಲಿನಂತೆ ಏರಿಸುತ್ತವೆ. ಮೆಟ್ಟಿಲ ಕೊನೆಯಲ್ಲಿ ಮಾತ್ರ ಕರೆಂಟ್ ಓದುತ್ತವೆ. ಮೇಲ್ಮೈಯ ಹೈಡ್ರೋಜನ್ ಅಷ್ಟರಲ್ಲಿ ತನ್ನ ಕೆಲಸ ಮುಗಿಸಿರುತ್ತದೆ. ಮೆಟ್ಟಿಲು ದೊಡ್ಡದಾದಷ್ಟೂ ಚಾರ್ಜ್ ಕಳೆದುಹೋಗುತ್ತದೆ. ಮೆಟ್ಟಿಲನ್ನು ಚಿಕ್ಕದು ಮಾಡಿ, ಕರೆಂಟ್ ಇಂಟಿಗ್ರೇಷನ್ ಆಯ್ಕೆ ಇದ್ದರೆ ಆನ್ ಮಾಡಿ.

ಗುಡ್ಡವೇ ಕಾಣದವರು ಏನು ಮಾಡಬೇಕು ಅಂತ ಇನ್ನೂ ಏಳೆಂಟು ಜನ ಕೇಳಿದ್ದೀರಿ. ಹತ್ತರಲ್ಲಿ ಒಂಬತ್ತು ಸಲ ಕೊಳೆ. ಒಂದು ಕಥೆ ಹೇಳುತ್ತೇನೆ. ಒಂದು ವರ್ಷ ನಮ್ಮ ಲ್ಯಾಬ್‌ನಲ್ಲಿ ಆಯುಧಪೂಜೆ ಜೋರಾಗಿ ಆಯಿತು. ಪೊಟೆನ್ಷಿಯೊಸ್ಟಾಟ್‌ಗೆ ಅರಿಶಿನ ಕುಂಕುಮ, ಮೇಲೊಂದು ಸೇವಂತಿಗೆ ಹೂವು, ಸೆಲ್ ಪಕ್ಕದಲ್ಲೇ ಕರ್ಪೂರ. ರಜೆ ಮುಗಿಸಿ ಬಂದು ಸಿವಿ ತೆಗೆದರೆ ಎರಡು ಕೋಡಿನ ಗುಡ್ಡ ಮಾಯ, ಸವೆದ ಸೋಪಿನ ಹಾಗೆ ಒಂದು ದಿಬ್ಬ. ನನ್ನ ವಿದ್ಯಾರ್ಥಿ ಕ್ಯಾಟಲಿಸ್ಟ್ ಸತ್ತಿತು ಅಂದ. ಗಾಜಿನ ಸೆಲ್ಲನ್ನು ಪರ್ಮಾಂಗನೇಟ್ ಹಾಕಿದ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ರಾತ್ರಿಯಿಡೀ ನೆನೆಸಿ, ತೊಳೆದು, 18.2 ಮೆಗಾಓಮ್ ಶುದ್ಧ ನೀರಿನಲ್ಲಿ ನಾಲ್ಕೈದು ಸಲ ಕುದಿಸಿದೆವು. ಮಾರನೇ ದಿನ ಅದೇ ಕ್ಯಾಟಲಿಸ್ಟ್, ಗುಡ್ಡ ವಾಪಸ್. ಅಂದಿನಿಂದ ಪೂಜೆ ಸ್ಟೀಲ್ ಬೀರುವಿಗೆ ಮಾತ್ರ. ಯಂತ್ರಕ್ಕೆ ದೂರದಿಂದ ನಮಸ್ಕಾರ.

ಹೊಸ ಎಲೆಕ್ಟ್ರೋಡ್ ಆದರೆ ಮೊದಲು 0.05ರಿಂದ 1.2 ವೋಲ್ಟ್ ನಡುವೆ 50ರಿಂದ 100 ಸೈಕಲ್ ಓಡಿಸಿ, ಗೆರೆಯ ಮೇಲೆ ಗೆರೆ ಕೂರುವವರೆಗೆ. ಇಡೀ ಸಿವಿ ಕೆಳಕ್ಕೆ ಜಾರಿದ್ದರೆ ಆಕ್ಸಿಜನ್ ಉಳಿದಿದೆ ಅಂತ. ಅರ್ಧ ಗಂಟೆ ನೈಟ್ರೋಜನ್ ಬಿಟ್ಟೆ ಅನ್ನುತ್ತೀರಿ, ಸರಿ. ಅದು ಮೀನಿನ ತೊಟ್ಟಿಯ ರಬ್ಬರ್ ಪೈಪಿನಲ್ಲಿ ಬಂದರೆ ದಾರಿಯಲ್ಲೇ ಗಾಳಿ ಸೇರಿಕೊಳ್ಳುತ್ತದೆ.

ನಿಮ್ಮ 74ನ್ನು ಗೈಡ್ ನಂಬದಿದ್ದರೆ ಸಿಒ ಸ್ಟ್ರಿಪ್ಪಿಂಗ್ ಮಾಡಿ ತೋರಿಸಿ. ಎಲೆಕ್ಟ್ರೋಡನ್ನು 0.1 ವೋಲ್ಟ್ ಹತ್ತಿರ ಹಿಡಿದಿಟ್ಟು ಕಾರ್ಬನ್ ಮೊನಾಕ್ಸೈಡ್ ಬಿಡಿ. ಆಮೇಲೆ ವೋಲ್ಟೇಜ್ ಬಿಡದೆ ನೈಟ್ರೋಜನ್‌ನಿಂದ ನೀರಿನಲ್ಲಿ ಉಳಿದ ಸಿಒ ಹೊರಹಾಕಿ. ಮೊದಲ ಸ್ಕ್ಯಾನ್‌ನಲ್ಲಿ ಹೈಡ್ರೋಜನ್ ಗುಡ್ಡ ಇರುವುದಿಲ್ಲ, ಜಾಗವೆಲ್ಲ ಸಿಒ ಹಿಡಿದಿದೆ. 0.7, 0.8 ವೋಲ್ಟ್ ಆಸುಪಾಸಿನಲ್ಲಿ ಒಂದು ಚೂಪಾದ ಪೀಕ್ ಎದ್ದು ಸಿಒ ಉರಿದುಹೋಗುತ್ತದೆ. ಎರಡನೇ ಸ್ಕ್ಯಾನ್‌ನಲ್ಲಿ ಗುಡ್ಡ ಮತ್ತೆ ಹಾಜರು. ಈ ಎರಡನೇ ಸ್ಕ್ಯಾನೇ ಇಲ್ಲಿ ಬೇಸ್‌ಲೈನ್. ಕಾರ್ಬನ್ ಡಬಲ್ ಲೇಯರ್ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಕಳೆದಾಗ ಹೋಗಿಬಿಡುತ್ತದೆ. ಒಂದು ಸಿಒಗೆ ಎರಡು ಎಲೆಕ್ಟ್ರಾನ್, ಹಾಗಾಗಿ 210ರ ಬದಲು 420. ಪ್ಲಾಟಿನಂ ಜೊತೆ ನಿಕಲ್, ಕೋಬಾಲ್ಟ್ ಸೇರಿಸಿದ ಮಿಶ್ರಲೋಹ ಆದರೆ ಇದನ್ನು ಮಾಡಲೇಬೇಕು. ಅಲ್ಲಿ ಹೈಡ್ರೋಜನ್ ಗುಡ್ಡ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಕಡಿಮೆ ಮೇಲ್ಮೈಯಿಂದ ಭಾಗಿಸಿದ ಆಕ್ಟಿವಿಟಿ ಸುಳ್ಳು ಸುಳ್ಳೇ ಜಾಸ್ತಿ ಕಾಣುತ್ತದೆ.

ಒಂದು ಮಾತು ಮಾತ್ರ ಜಗಳ ಮಾಡಿಯಾದರೂ ಹೇಳುತ್ತೇನೆ. ಸಿಒಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಫ್ಯೂಮ್ ಹುಡ್ ಮತ್ತು ಕೆಲಸ ಮಾಡುವ ಡಿಟೆಕ್ಟರ್ ಎರಡೂ ಇಲ್ಲದ ಲ್ಯಾಬ್‌ನಲ್ಲಿ ಸಿಲಿಂಡರ್ ವಾಲ್ವ್ ಮುಟ್ಟಬೇಡಿ. ಗೈಡ್ ಬೈದರೂ ಮುಟ್ಟಬೇಡಿ.

ಸಿಲ್ವರ್-ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಬಳಸಿ 0.197 ಪ್ಲಸ್ 0.059 ಗುಣಿಸು ಪಿಎಚ್ ಸೂತ್ರದಿಂದ ಆರ್‌ಎಚ್‌ಇಗೆ (ಹೈಡ್ರೋಜನ್ ಎಲೆಕ್ಟ್ರೋಡ್ ಅಳತೆಗೆ) ಬದಲಾಯಿಸಿದ್ದೇನೆ. ಸರಿ ತಾನೇ? (ತುಮಕೂರು, ಮೈಸೂರು, ಕಲಬುರಗಿ, ಮತ್ತೆ ಮೈಸೂರು)

ಸೂತ್ರ ಸರಿ. ನಿಮ್ಮ ಎಲೆಕ್ಟ್ರೋಡ್‌ಗೆ ಆ ಸೂತ್ರ ಗೊತ್ತಿಲ್ಲ. ಮೂರು ವರ್ಷ ಹಳೆಯದು, ಅರ್ಧ ಒಣಗಿದ್ದು, 20 ಮಿಲಿವೋಲ್ಟ್ ಆಚೆ ಹೋಗಿದ್ದರೆ ಆಶ್ಚರ್ಯ ಇಲ್ಲ. 0.9 ವೋಲ್ಟ್‌ನಲ್ಲಿ ಆಕ್ಸಿಜನ್ ರಿಡಕ್ಷನ್ ಆಕ್ಟಿವಿಟಿ ಓದುವಾಗ ಆ 20 ಮಿಲಿವೋಲ್ಟ್ ತಪ್ಪಿದರೆ ಉತ್ತರ ಸುಮಾರು ದುಪ್ಪಟ್ಟು, ಇಲ್ಲವೇ ಅರ್ಧ. ಅದೇ ಆಸಿಡ್‌ಗೆ ಹೈಡ್ರೋಜನ್ ಬಿಟ್ಟು, ಪ್ಲಾಟಿನಂ ಎಲೆಕ್ಟ್ರೋಡ್‌ನಲ್ಲಿ ನಿಧಾನವಾಗಿ ಸ್ಕ್ಯಾನ್ ಮಾಡಿ, ಕರೆಂಟ್ ಸೊನ್ನೆ ದಾಟುವ ಜಾಗ ನೋಡಿ. ಅದೇ ನಿಮ್ಮ ಆರ್‌ಎಚ್‌ಇ ಸೊನ್ನೆ.

ಆದರೆ ಅದಕ್ಕಿಂತ ದೊಡ್ಡ ತೊಂದರೆ ಕ್ಲೋರೈಡ್. ಅದು ಸೋರಿ ಪ್ಲಾಟಿನಂ ಮೇಲೆ ಕೂತುಬಿಡುತ್ತದೆ. ಇನ್ನೊಂದು ಗಮನಿಸಿದ್ದೀರಾ? ಪರ್‌ಕ್ಲೋರಿಕ್ ಆಸಿಡ್‌ನಲ್ಲಿ ಇಟ್ಟ ಮೇಲೆ ಎಲೆಕ್ಟ್ರೋಡ್ ತುದಿಯ ಬಿಳಿ ಫ್ರಿಟ್ (ಸಣ್ಣ ರಂಧ್ರಗಳ ಬಿರಡೆ) ಮೇಲೆ ಸಕ್ಕರೆ ಪುಡಿಯಂಥ ಹರಳು ಕಟ್ಟುತ್ತದೆ. ಒಳಗಿನ ಪೊಟ್ಯಾಸಿಯಂ, ಹೊರಗಿನ ಪರ್‌ಕ್ಲೋರೇಟ್ ಸೇರಿ ಕರಗದ ಉಪ್ಪಾಗಿ ರಂಧ್ರ ಮುಚ್ಚಿದೆ. ಸಿವಿ ಕುಣಿಯಲು ಶುರುವಾದಾಗ ಯಂತ್ರ ಕೆಟ್ಟಿತು ಅಂತ ಸರ್ವಿಸ್ ಎಂಜಿನಿಯರ್‌ಗೆ ಫೋನ್ ಮಾಡುವ ಮೊದಲು ಆ ತುದಿ ನೋಡಿ. ಸಾಧ್ಯವಿದ್ದರೆ ಹೈಡ್ರೋಜನ್ ಎಲೆಕ್ಟ್ರೋಡನ್ನೇ ಬಳಸಿ. ಇದೇ ಪ್ರಶ್ನೆ ಇನ್ನೊಮ್ಮೆ ಬಂದರೆ ಉತ್ತರಿಸುವುದಿಲ್ಲ.

ಪ್ಲಾಟಿನಂ ಇಲ್ಲದ ಕಬ್ಬಿಣ-ನೈಟ್ರೋಜನ್-ಕಾರ್ಬನ್ ಕ್ಯಾಟಲಿಸ್ಟ್ ನಮ್ಮದು. ಸೈಕಲ್ ಓಡಿಸಿದಷ್ಟೂ ಆಕ್ಟಿವಿಟಿ ಜಾಸ್ತಿ ಆಗುತ್ತಿದೆ! ಕೌಂಟರ್ ಎಲೆಕ್ಟ್ರೋಡ್ ಪ್ಲಾಟಿನಂ ವೈರ್. (ಜರ್ಮನಿಯಿಂದ, ಶಿವಮೊಗ್ಗದವರು)

ನಿಮ್ಮ ಪ್ರಶ್ನೆಯ ಕೊನೆಯ ಸಾಲೇ ಉತ್ತರ. ಪ್ಲಾಟಿನಂ ವೈರ್ ಒಂದಿಷ್ಟು ಕರಗಿ ಬಂದು ನಿಮ್ಮ ಕ್ಯಾಟಲಿಸ್ಟ್ ಮೇಲೆ ಕೂರುತ್ತಿದೆ. ಸಿವಿಯಲ್ಲಿ 0.4 ವೋಲ್ಟ್ ಕೆಳಗೆ ಸಣ್ಣಗೆ ಹೈಡ್ರೋಜನ್ ಗುಡ್ಡ ಮೂಡಿದೆಯಾ ನೋಡಿ. ಗ್ರಾಫೈಟ್ ಕಡ್ಡಿ ಹಾಕಿ, ಹೊಸ ಎಲೆಕ್ಟ್ರೋಡ್‌ನಲ್ಲಿ ಮೊದಲಿಂದ ಮಾಡಿ. ಆಮೇಲೂ ಆಕ್ಟಿವಿಟಿ ಏರಿದರೆ ನನಗೆ ಬರೆಯಿರಿ, ಖುಷಿಯಿಂದ ಓದುತ್ತೇನೆ. ಮತ್ತೆ, ಈ ಕ್ಯಾಟಲಿಸ್ಟ್‌ಗೆ ಇಸಿಎಸ್‌ಎ ಅಂತ 210ರಿಂದ ಭಾಗಿಸಿದ್ದೀರಿ. ಪ್ಲಾಟಿನಂ ಇಲ್ಲ ಅಂತ ಮೇಲೆ ನೀವೇ ಬರೆದಿದ್ದೀರಿ, ಅಲ್ವಾ?

ಪಲ್ಲೇಡಿಯಂಗೂ ಇದೇ ಲೆಕ್ಕ ನಡೆಯುತ್ತದಾ?

ಇಲ್ಲ. ಪಲ್ಲೇಡಿಯಂ ಹೈಡ್ರೋಜನ್ನನ್ನು ಮೈಮೇಲೆ ಕೂರಿಸಿಕೊಂಡು ಸುಮ್ಮನಿರುವುದಿಲ್ಲ, ಒಳಗೇ ನುಂಗುತ್ತದೆ. ಸಿಒ ಸ್ಟ್ರಿಪ್ಪಿಂಗ್ ಅಥವಾ ಆಕ್ಸೈಡ್ ರಿಡಕ್ಷನ್ ಪೀಕ್ ನೋಡಿ.

ಹೈಡ್ರೋಜನ್ ಪೀಕ್‌ಗಳ ನಡುವೆ 59 ಮಿಲಿವೋಲ್ಟ್ ಅಂತರ ಇಲ್ಲ, ಹಾಗಾದರೆ ರಿವರ್ಸಿಬಲ್ ಅಲ್ಲವೇ?

59 ದ್ರಾವಣದಲ್ಲಿ ಕರಗಿದ ವಸ್ತುವಿನ ಕಥೆ. ಇಲ್ಲಿ ಹೈಡ್ರೋಜನ್ ಮೇಲ್ಮೈಗೆ ಅಂಟಿದೆ. ಪಠ್ಯದ ಒಂದೇ ಅಧ್ಯಾಯ ಓದಿ ನಿಲ್ಲಿಸಬೇಡಿ.

ಆಕ್ಸಿಜನ್ ತುಂಬಿದ ಆಸಿಡ್‌ನಲ್ಲಿ ಸಿವಿ ತೆಗೆದಾಗ ಬಂದ ಪೀಕ್‌ನ ಎತ್ತರವೇ ಕ್ಯಾಟಲಿಸ್ಟ್ ಆಕ್ಟಿವಿಟಿ ತಾನೇ?

ಅಲ್ಲ. ನಿಂತ ಎಲೆಕ್ಟ್ರೋಡ್‌ಗೆ ಆಕ್ಸಿಜನ್ ಬಂದು ತಲುಪುವ ವೇಗವೂ ಆ ಎತ್ತರದಲ್ಲಿ ಸೇರಿದೆ. ತಿರುಗುವ ಡಿಸ್ಕ್ ಬಳಸಿ. 1600 ಆರ್‌ಪಿಎಂನಲ್ಲಿ ಚದರ ಸೆಂ.ಮೀ.ಗೆ 6 ಮಿಲಿಆಂಪ್ ಹತ್ತಿರ ಲಿಮಿಟಿಂಗ್ ಕರೆಂಟ್ ಬರದಿದ್ದರೆ ನಿಮ್ಮ ಇಂಕ್ ಪದರ ಸರಿಯಾಗಿ ಹರಡಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಒಬ್ಬರು ದುಡ್ಡು ತಗೊಂಡು ಸಿವಿ ಡೇಟಾ ಸ್ಮೂತ್ ಮಾಡಿ ಗ್ರಾಫ್ ಹಾಕಿ ಕೊಡುತ್ತಾರೆ. ಕೊಡಬಹುದೇ?

ಸ್ಮೂತ್ ಮಾಡಿದರೆ ಎರಡು ಕೋಡು ಒಂದಾಗುತ್ತದೆ, ನಿಮ್ಮ ಕ್ಯಾಟಲಿಸ್ಟ್‌ನ ಗುರುತೇ ಹೋಗುತ್ತದೆ. ಗೆರೆ ನಡುಗುತ್ತಿದ್ದರೆ ವೈರ್ ಸಡಿಲ ಇದೆ, ಇಲ್ಲವೇ ಫ್ಯಾರಡೆ ಕೇಜ್ ಬಾಗಿಲು ತೆಗೆದಿದೆ. ಆ ದುಡ್ಡಿಗೆ ಒಳ್ಳೆಯ ಕ್ರೊಕೊಡೈಲ್ ಕ್ಲಿಪ್ ತಗೊಳ್ಳಿ.

ಬೈಕಿಗೆ ನೀರು ಹಾಕಿ ಓಡಿಸುವ ಕಿಟ್ ಬಂದಿದೆಯಂತೆ. ಅದೂ ಫ್ಯೂಯಲ್ ಸೆಲ್ಲೇ?

ಅಲ್ಲ, ಜೇಬು ಕತ್ತರಿಸುವ ಕಿಟ್. ನೀರು ಫ್ಯೂಯಲ್ ಸೆಲ್‌ನಿಂದ ಹೊರಗೆ ಬರುವುದು, ಇಂಧನವಾಗಿ ಒಳಗೆ ಹೋಗುವುದಲ್ಲ. 2024ರ ಜನವರಿಯಲ್ಲಿ ಇಸ್ರೊ ಪಿಎಸ್‌ಎಲ್‌ವಿ-ಸಿ58 ರಾಕೆಟ್ಟಿನ ಕೊನೆಯ ಹಂತವಾದ ಪೋಯಂ-3ರಲ್ಲಿ ಫ್ಯೂಯಲ್ ಸೆಲ್ ಪರೀಕ್ಷೆ ಮಾಡಿದಾಗಲೂ ಹೈಡ್ರೋಜನ್, ಆಕ್ಸಿಜನ್ ಎರಡನ್ನೂ ಸಿಲಿಂಡರಿನಲ್ಲಿ ತುಂಬಿಸಿಕೊಂಡೇ ಹೋಗಿತ್ತು.

ಗಾಜು ತೊಳೆಯಲು ಮಾಡಿದ ಪಿರಾನ್ಹಾ ದ್ರಾವಣ ಉಳಿದಿದೆ. ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ ಮುಂದಿನ ವಾರಕ್ಕೆ ಇಡಬಹುದೇ? (ನಿನ್ನೆ ರಾತ್ರಿ ಬಂದದ್ದು)

ಬೇಡ. ಸಲ್ಫ್ಯೂರಿಕ್ ಆಸಿಡ್, ಹೈಡ್ರೋಜನ್ ಪೆರಾಕ್ಸೈಡ್ ಸೇರಿದ ಮೇಲೆ ಗ್ಯಾಸ್ ಬರುತ್ತಲೇ ಇರುತ್ತದೆ, ಮುಚ್ಚಿದ ಬಾಟಲಿ ಸಿಡಿಯುತ್ತದೆ. ಬೇಕಾದಷ್ಟೇ ಮಾಡಿ, ತೆರೆದ ಗಾಜಿನ ಪಾತ್ರೆಯಲ್ಲಿ, ಹುಡ್ ಒಳಗೆ. ಅಸಿಟೋನ್ ಹತ್ತಿರಕ್ಕೂ ತರಬೇಡಿ. ಈಗಾಗಲೇ ಮುಚ್ಚಿಟ್ಟಿದ್ದರೆ ಬಿಚ್ಚಲು ಹೋಗಬೇಡಿ. ಹುಡ್ ಗಾಜು ಕೆಳಗೆ ಎಳೆದಿದ್ದರೆ ಹಾಗೇ ಇರಲಿ, ಎಲ್ಲರನ್ನೂ ಕೋಣೆಯಿಂದ ಹೊರಗೆ ಕಳಿಸಿ, ಈಗಲೇ ನಿಮ್ಮ ಸೇಫ್ಟಿ ಆಫೀಸರ್‌ಗೆ ಫೋನ್ ಮಾಡಿ.